ಎರಡೇ ವರ್ಷಕ್ಕೆ ನಿಂತ ಪಂದ್ಯ ಮತ್ತು ನಮ್ಮ ಕಾಲೇಜು ಕಬಡ್ಡಿ ಅಂಕಣ

ಮಾನ್ಯ ಸಂಪಾದಕರೇ,

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಕಾಲೇಜುಗಳಿಗಾಗಿ ಹಿಂದೆ ನಡೆದು ನಿಂತುಹೋಗಿದ್ದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯನ್ನು ಮತ್ತೆ ಆರಂಭಿಸುವ ಆಲೋಚನೆ ನಡೆದಿದೆ ಎಂಬ ಪುಟ್ಟ ಸುದ್ದಿಯೊಂದು ಕಳೆದ ವಾರ ತಮ್ಮ ಪತ್ರಿಕೆಯ ನಗರ ಪುಟದಲ್ಲಿ ಪ್ರಕಟವಾಗಿತ್ತು. ಆ ಪಂದ್ಯಾವಳಿ ನಡೆದದ್ದು ಎರಡೇ ವರ್ಷ. ಎರಡೂ ವರ್ಷ ಅದರ ಸಂಘಟನಾ ಸಮಿತಿಯಲ್ಲಿ ನಾನಿದ್ದೆ. ಸುದ್ದಿ ಓದಿ ಬಹಳ ಸಂತೋಷವಾಯಿತು. ಆದರೆ ಅದು ಯಾಕೆ ನಿಂತಿತು ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳದೆ ಹೋದರೆ ಮತ್ತೆ ಎರಡೇ ವರ್ಷಕ್ಕೆ ನಿಲ್ಲುತ್ತದೆ ಎಂಬ ಆತಂಕವೂ ಆಯಿತು. ಆ ಕಾರಣಗಳನ್ನು ಹೇಳುವುದಕ್ಕೆ ನ್ಯೂಯಾರ್ಕ್ ನಗರದಲ್ಲಿ 1961 ಮತ್ತು 1962ರಲ್ಲಿ ಎರಡೇ ಬಾರಿ ನಡೆದು ಹೇಳಹೆಸರಿಲ್ಲದಂತಾದ ‘ಗೋಥಮ್ ಬೌಲ್’ ಎಂಬ ಕಾಲೇಜು ಫುಟ್‌ಬಾಲ್ ಪಂದ್ಯದ ಸಂಗತಿಯನ್ನು ತಮ್ಮ ಓದುಗರ ಮುಂದಿಡುವುದು ಅಗತ್ಯವೆಂದು ನನಗೆ ತೋರಿದೆ. ಆ ಪಂದ್ಯಕ್ಕೂ ದಿನಪತ್ರಿಕೆಗೂ ಇರುವ ಸಂಬಂಧ ತಮಗೂ ಆಸಕ್ತಿಯದಾಗಿರುತ್ತದೆ ಎಂಬ ನಂಬಿಕೆಯಿಂದ ಈ ಪತ್ರ.

ನಿವೃತ್ತಿಯಾದ ಮೇಲೆ ನಾಲ್ಕು ತಿಂಗಳು ಮಗಳ ಮನೆಯಲ್ಲಿ, ಅಮೆರಿಕದ ನೆಬ್ರಾಸ್ಕಾ ರಾಜ್ಯದ ರಾಜಧಾನಿ ಲಿಂಕನ್‌ನಲ್ಲಿದ್ದೆ. ಒಂದು ಶನಿವಾರ ಬೆಳಿಗ್ಗೆ ನೋಡಿದರೆ ಬೀದಿಯಲ್ಲಿ ಹೋಗುವವರೆಲ್ಲ, ಅಜ್ಜಿಯಂದಿರು ಮತ್ತು ತಳ್ಳುಗಾಡಿಯಲ್ಲಿ ಮಲಗಿದ್ದ ಹಸುಗೂಸುಗಳೂ ಸೇರಿದಂತೆ, ಕೆಂಪು ಬಟ್ಟೆ ತೊಟ್ಟಿದ್ದರು. ಅಂದು ಅಲ್ಲಿನ ವಿಶ್ವವಿದ್ಯಾನಿಲಯದ ತಂಡದ ಪಂದ್ಯವಿತ್ತು. ಮೆಮೋರಿಯಲ್ ಸ್ಟೇಡಿಯಂನಲ್ಲಿ 85 ಸಾವಿರಕ್ಕೂ ಹೆಚ್ಚು ಜನ ಸೇರಿದ್ದನ್ನು ಕಣ್ಣಾರೆ ಕಂಡೆ. 1962ರ ನವೆಂಬರ್‌ನಿಂದ ಅಲ್ಲಿನ ಒಂದು ಪಂದ್ಯಕ್ಕೂ ಟಿಕೆಟ್ ಉಳಿದದ್ದಿಲ್ಲವಂತೆ. ಪಕ್ಕದ ಮನೆಯಲ್ಲಿದ್ದ ಹಿರಿಯರೊಬ್ಬರು, 1962ರಲ್ಲಿ ತಾವು ವಿದ್ಯಾರ್ಥಿಯಾಗಿದ್ದಾಗಿನ ಮಾತು ತೆಗೆದು, ಈ ತಂಡ ಮೊದಲ ಬಾರಿಗೆ ಬೌಲ್ ಪಂದ್ಯ ಗೆದ್ದ ದಿನ ನ್ಯೂಯಾರ್ಕಿನ ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಬರೀ ಆರು ಸಾವಿರ ಜನ ಇದ್ದರೆಂದು ಹೇಳಿದರು. ಮೂವತ್ತು ವರ್ಷ ಕಾಲೇಜು ಪಂದ್ಯಗಳಿಗೆ ಸುಣ್ಣದ ಗೆರೆ ಹಾಕಿಸಿದ ನನಗೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಆಮೇಲೆ ಅದರ ವಿವರಗಳನ್ನು ಹುಡುಕಿ ಓದಿದೆ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಹುಡುಗರು ಆಡುವ ಕಾಲ್ಚೆಂಡಾಟವನ್ನಲ್ಲ. ಎರಡೂ ತುದಿ ಚೂಪಾದ ಚೆಂಡು, ಒಂದು ಕಡೆಗೆ 11 ಜನ, 100 ಗಜದ ಮೈದಾನ. ಚೆಂಡು ಹಿಡಿದವರು ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಗಳ ಪಾಲು. ನುಗ್ಗುವುದು ಮತ್ತು ನುಗ್ಗಿದವನನ್ನು ಹಿಡಿದು ಕೆಡಹುವುದು ಅದರ ಜೀವಾಳವಾದ್ದರಿಂದ ಕಬಡ್ಡಿ ಬಲ್ಲವರಿಗೆ ಆಟ ಬೇಗ ಹಿಡಿತಕ್ಕೆ ಬರುತ್ತದೆ. ಕಾಲೇಜು ತಂಡಗಳ ಮಾಮೂಲಿ ಪಂದ್ಯಗಳು ನವೆಂಬರ್ ಹೊತ್ತಿಗೆ ಮುಗಿಯುತ್ತವೆ. ಅನಂತರ, ಚೆನ್ನಾಗಿ ಆಡಿದ ತಂಡಗಳಲ್ಲಿ ಎರಡನ್ನು ಯಾವುದಾದರೊಂದು ಊರಿನವರು ಆಹ್ವಾನಿಸಿ, ಖರ್ಚು ಕೊಟ್ಟು ಕರೆಸಿ ಆಡಿಸುವ ಒಂದೇ ಒಂದು ಪಂದ್ಯಕ್ಕೆ ಬೌಲ್ ಎಂದು ಹೆಸರು. ಬಟ್ಟಲಿನಾಕಾರದ ಕ್ರೀಡಾಂಗಣದಿಂದ ಬಂದ ಹೆಸರದು. ಇವುಗಳಲ್ಲಿ ಹಳೆಯದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಊರಿನ ರೋಸ್ ಬೌಲ್. ಅಲ್ಲಿ ಹೊಸ ವರ್ಷಕ್ಕೆ ಹೂವಿನ ರಥಗಳ ಮೆರವಣಿಗೆ 1890ರಿಂದ ನಡೆಯುತ್ತಿತ್ತು. ಅದಕ್ಕೆ ಜೊತೆಯಾಗಿ 1902ರಲ್ಲಿ ಒಮ್ಮೆ ಫುಟ್‌ಬಾಲ್ ಪಂದ್ಯ ಆಡಿಸಿ, ನಡುವೆ ಬಿಟ್ಟು, 1916ರಿಂದ ಪ್ರತಿವರ್ಷ ನಡೆಸುತ್ತ ಬಂದರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ವರ್ಷವೂ ಅದೇ. ಜಂಬೂ ಸವಾರಿಯ ಜೊತೆಗೆ ಕುಸ್ತಿಯ ಅಖಾಡವನ್ನೂ ಕಂಡು ಬೆಳೆದ ನಮ್ಮ ಊರಿನವರಿಗೆ ಮೆರವಣಿಗೆಗೂ ಪಂದ್ಯಕ್ಕೂ ಇರುವ ನಂಟನ್ನು ಬಿಡಿಸಿ ಹೇಳಬೇಕಿಲ್ಲ.

1930ರ ದಶಕದಲ್ಲಿ ಬೇರೆ ಊರುಗಳೂ ಇದೇ ದಾರಿ ಹಿಡಿದವು. ಮಯಾಮಿಯವರು ಕಿತ್ತಳೆಯ ಹೆಸರಿನಲ್ಲಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನವರು ಸಕ್ಕರೆಯ ಹೆಸರಿನಲ್ಲಿ ಶುಗರ್ ಬೌಲ್, ಡಲ್ಲಾಸ್‌ನವರು ಹತ್ತಿಯ ಹೆಸರಿನಲ್ಲಿ ಕಾಟನ್ ಬೌಲ್ ಕಟ್ಟಿಕೊಂಡರು. ತಮ್ಮ ನೆಲದ ಬೆಳೆಯ ಹೆಸರನ್ನು ಪಂದ್ಯಕ್ಕಿಟ್ಟ ಆ ಜನರ ಅಭಿಮಾನ, ತಮ್ಮ ಊರನ್ನು ಸಕ್ಕರೆ ನಾಡು ಎಂದು ಕರೆದುಕೊಳ್ಳುವ ಮಂಡ್ಯದವರಿಗೆ ಚೆನ್ನಾಗಿ ಅರ್ಥವಾದೀತು. ಈ ಮೂರೂ ಇಂದಿಗೂ ನಡೆಯುತ್ತಿವೆ.

ನ್ಯೂಯಾರ್ಕಿಗೆ ಗೋಥಮ್ ಎಂಬ ಅಡ್ಡಹೆಸರಿದೆ. ಆ ಹೆಸರಿನಲ್ಲಿ 1960ರಲ್ಲಿಯೇ ಪಂದ್ಯವೊಂದನ್ನು ಘೋಷಿಸಲಾಗಿತ್ತು. ಆರೆಗಾನ್ ಸ್ಟೇಟ್ ತಂಡ ಸಿಕ್ಕಿತಾದರೂ ಅದರ ಎದುರು ಆಡುವ ತಂಡ ಸಿಗದೆ ಮೊದಲ ವರ್ಷವೇ ಪಂದ್ಯ ರದ್ದಾಯಿತು. 1961ರ ಡಿಸೆಂಬರ್ 9ರಂದು ನಗರದ ಪೋಲೊ ಗ್ರೌಂಡ್ಸ್ ಕ್ರೀಡಾಂಗಣದಲ್ಲಿ ಅಂತೂ ನಡೆಯಿತು. ಟೆಕ್ಸಸ್‌ನ ಬೇಲರ್ ತಂಡ ಯೂಟಾ ಸ್ಟೇಟ್ ತಂಡವನ್ನು 24–9ರಿಂದ ಸೋಲಿಸಿತು. ಯೂಟಾ ತಂಡ ಆ ವರ್ಷ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಸೋತಿರಲಿಲ್ಲ. ನೋಡಲು ಬಂದವರು 15,123 ಮಂದಿ. ಆ ನಗರದ ಜನಸಂಖ್ಯೆಗೆ ಅದು ಏನೇನೂ ಅಲ್ಲ.

ಮರುವರ್ಷ ನೆಬ್ರಾಸ್ಕಾ ಮತ್ತು ಮಯಾಮಿ ತಂಡಗಳನ್ನು ಕರೆಸಿದರು. 1962ರ ಡಿಸೆಂಬರ್ 15, ಶನಿವಾರ. ಜಾಗ ಯಾಂಕೀ ಸ್ಟೇಡಿಯಂ. ಕೊಡಬೇಕಾದ ಹಣದ ಚೆಕ್ ನಗದಾಯಿತು ಎಂಬ ಖಾತರಿ ಸಿಗುವವರೆಗೆ ನೆಬ್ರಾಸ್ಕಾ ತಂಡ ಲಿಂಕನ್ ಬಿಟ್ಟು ಹೊರಡಲಿಲ್ಲವೆಂದು ಅಲ್ಲಿ ಈಗಲೂ ಹೇಳುತ್ತಾರೆ. ಅಂದು ನ್ಯೂಯಾರ್ಕಿನಲ್ಲಿ ಉಷ್ಣಾಂಶ ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಇದೆಲ್ಲದರ ಮೇಲೆ, ಸರಿಯಾಗಿ ಒಂದು ವಾರ ಮೊದಲು, ಡಿಸೆಂಬರ್ 8ರಂದು, ನಗರದ ದಿನಪತ್ರಿಕೆಗಳ ಮುದ್ರಣ ಕಾರ್ಮಿಕರು ಮುಷ್ಕರ ಹೂಡಿದ್ದರು. ನಾಲ್ಕು ಪತ್ರಿಕೆಗಳಲ್ಲಿ ಮುಷ್ಕರ ನಡೆದರೆ, ಉಳಿದ ಪತ್ರಿಕೆಗಳ ಮಾಲೀಕರೂ ಅಚ್ಚು ನಿಲ್ಲಿಸಿದರು. 114 ದಿನ ಆ ಮಹಾನಗರದ ಜನಕ್ಕೆ ತಮ್ಮೂರಿನ ದೊಡ್ಡ ಪತ್ರಿಕೆಗಳಲ್ಲಿ ಬಹುಪಾಲು ಸಿಗಲಿಲ್ಲ. ಯಂತ್ರಗಳು ಬಂದು ಅಚ್ಚಿನ ಮೊಳೆ ಜೋಡಿಸುವವರ ಕೆಲಸಕ್ಕೇ ಸಂಚಕಾರ ಬರುತ್ತದೆಂಬ ಭಯ ಆ ಮುಷ್ಕರದ ಹಿಂದಿತ್ತು. ಅವರ ಸಂಕಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪಂದ್ಯದ ಪಾಲಿಗೆ ಆದದ್ದಿಷ್ಟು: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಯಾವ ತಂಡ, ಟಿಕೆಟ್ ಎಲ್ಲಿ ಸಿಗುತ್ತದೆ ಎಂಬುದನ್ನು ಜನರಿಗೆ ತಿಳಿಸುವ ಮುಖ್ಯ ದಾರಿಯೇ ಮುಚ್ಚಿಹೋಯಿತು. ರೇಡಿಯೊ, ಟಿ.ವಿ. ಇದ್ದವು ನಿಜ. ಆದರೆ ಬೆಳಿಗ್ಗೆ ಕಾಫಿಯ ಲೋಟದ ಪಕ್ಕದಲ್ಲಿ ಕಣ್ಣಿಗೆ ಬೀಳುವ ನಾಲ್ಕು ಸಾಲು ಮಾಡುವ ಕೆಲಸವೇ ಬೇರೆ.

60 ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಆ ಕ್ರೀಡಾಂಗಣಕ್ಕೆ ಬಂದವರು 6,166 ಮಂದಿ. ಅವರ ಕಣ್ಣೆದುರು ನಡೆದದ್ದು ಸಾಧಾರಣ ಪಂದ್ಯವಲ್ಲ. ಮಯಾಮಿಯ ಜಾರ್ಜ್ ಮಿರಾ ಆ ಕೊರೆಯುವ ಚಳಿಯಲ್ಲಿ ಚೆಂಡೆಸೆದು 300 ಗಜಕ್ಕೂ ಹೆಚ್ಚು ದೂರ ಗಳಿಸಿಕೊಟ್ಟರು. ಆದರೂ ನೆಬ್ರಾಸ್ಕಾ 36–34ರಿಂದ, ಎರಡೇ ಅಂಕಗಳ ಅಂತರದಲ್ಲಿ ಗೆದ್ದಿತು. ಅದಕ್ಕೆ ಮೊದಲು ಎರಡು ಬಾರಿ ಬೌಲ್ ಪಂದ್ಯಕ್ಕೆ ಹೋಗಿ ಎರಡರಲ್ಲೂ ಸೋತಿದ್ದ ತಂಡವದು. ಬಾಬ್ ಡಿವೇನಿ ಆ ವರ್ಷವಷ್ಟೇ ತರಬೇತುದಾರರಾಗಿ ಬಂದಿದ್ದರು. ಅವರ ಕೈಯಲ್ಲಿಯೇ ಆ ತಂಡ 1970 ಮತ್ತು 1971ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಲಿಂಕನ್‌ನ ಬೀದಿಯಲ್ಲಿ ನಾನು ಕಂಡ ಕೆಂಪು ಸಮುದ್ರಕ್ಕೆ ಮೊದಲ ಒರತೆಗಳಲ್ಲಿ ಒಂದು ಆ ಖಾಲಿ ಕ್ರೀಡಾಂಗಣದಲ್ಲಿತ್ತು. ಗೋಥಮ್ ಬೌಲ್ ಮಾತ್ರ ಆಮೇಲೆ ನಡೆಯಲಿಲ್ಲ.

ಈ ಪಂದ್ಯದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಮೊದಲು ದೂರುವುದು ಚಳಿಯನ್ನು. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಯಾಕೆಂದರೆ 48 ವರ್ಷಗಳ ನಂತರ, 2010ರ ಡಿಸೆಂಬರ್ 30ರಂದು, ಅದೇ ನ್ಯೂಯಾರ್ಕಿನ ಹೊಸ ಯಾಂಕೀ ಸ್ಟೇಡಿಯಂನಲ್ಲಿ ಪಿನ್‌ಸ್ಟ್ರೈಪ್ ಬೌಲ್ ಎಂಬ ಪಂದ್ಯ ಆರಂಭವಾಯಿತು. ನಾಲ್ಕು ದಿನ ಮೊದಲು ನಗರವೇ ಹೂತುಹೋಗುವಷ್ಟು ಹಿಮ ಬಿದ್ದಿತ್ತು. ಆದರೂ 38 ಸಾವಿರಕ್ಕೂ ಹೆಚ್ಚು ಜನ ಬಂದರು. ಆಡಿದ ಎರಡು ತಂಡಗಳಲ್ಲಿ ಒಂದು ನ್ಯೂಯಾರ್ಕ್ ರಾಜ್ಯದ್ದೇ ಆದ ಸಿರಾಕ್ಯೂಸ್. ಪಂದ್ಯಕ್ಕಿಟ್ಟ ಹೆಸರು ಆ ಊರಿನವರು ತಲೆಮಾರುಗಳಿಂದ ಅಭಿಮಾನಪಡುವ ಬೇಸ್‌ಬಾಲ್ ತಂಡದ ಅಂಗಿಯ ಪಟ್ಟೆಯದು. ನಡೆಸಿದ್ದೂ ಅದೇ ಕ್ಲಬ್. ಅದು ಇಂದಿಗೂ ನಡೆಯುತ್ತಿದೆ. ಕಾಕತಾಳೀಯವೆಂದರೆ ಅಂದು ಸಿರಾಕ್ಯೂಸ್ ಕ್ಯಾನ್ಸಸ್ ಸ್ಟೇಟ್ ತಂಡವನ್ನು ಸೋಲಿಸಿದ ಅಂಕಗಳೂ 36–34. ಊರು ಅದೇ, ಡಿಸೆಂಬರ್ ಅದೇ, ಅಂಕವೂ ಅದೇ. 1962ರಲ್ಲಿ ಇಲ್ಲದ್ದು ತಮ್ಮದೆನ್ನುವ ತಂಡ, ಕೈಯಲ್ಲಿ ಹಣ ಮತ್ತು ಮನೆಗೆ ಬರುವ ಪತ್ರಿಕೆ.

ಅಲ್ಪಾಯುಷಿ ಪಂದ್ಯಗಳೆಲ್ಲ ಸೋತ ಪಂದ್ಯಗಳೆಂದು ನಾನು ಹೇಳುತ್ತಿಲ್ಲ. 1960ರ ಅಕ್ಟೋಬರ್ 29ರಂದು ಓಹಾಯೊದ ಬೌಲಿಂಗ್ ಗ್ರೀನ್ ಕಾಲೇಜಿನ ಎದುರು ಆಡಿ ಊರಿಗೆ ಮರಳುತ್ತಿದ್ದ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ಕಾಲೇಜು ತಂಡದ ವಿಮಾನ ಟೊಲೀಡೊ ನಿಲ್ದಾಣದಲ್ಲಿ ಬಿದ್ದು 22 ಮಂದಿ ತೀರಿಕೊಂಡರು. ಅವರಲ್ಲಿ 16 ಮಂದಿ ಆಟಗಾರರು. ಆ ಕುಟುಂಬಗಳಿಗೆ ನೆರವು ಕೂಡಿಸಲೆಂದು 1961ರ ನವೆಂಬರ್ 23ರಂದು ಲಾಸ್ ಏಂಜಲೀಸ್‌ನಲ್ಲಿ ಮರ್ಸಿ ಬೌಲ್ ಏರ್ಪಡಿಸಿದರು. ಫ್ರೆಸ್ನೊ ಸ್ಟೇಟ್ ಎದುರು ಆಡಲು ಬಂದದ್ದು ಅದೇ ಬೌಲಿಂಗ್ ಗ್ರೀನ್ ತಂಡ. ಹಿಂದಿನ ವರ್ಷ ತಮ್ಮ ಜೊತೆ ಆಡಿ ಹೊರಟ ಗೆಳೆಯರಿಗಾಗಿ ಅಷ್ಟು ದೂರ ಬಂದ ಆ ಹುಡುಗರು 36–6ರಿಂದ ಸೋತರು. ಮೂವತ್ತು ಸಾವಿರಕ್ಕೂ ಮೀರಿ ಜನ ನೋಡಿದರು. ಆ ಪಂದ್ಯ ಪ್ರತಿವರ್ಷ ನಡೆಯಬೇಕೆಂದು ಹುಟ್ಟಿದ್ದಲ್ಲ, ಬಂದ ಕೆಲಸ ಮುಗಿಸಿ ಹೋಯಿತು. ವರ್ಷವರ್ಷವೂ ನಡೆಸುತ್ತೇವೆಂದು ಊರಿನ ಮುಂದೆ ಮಾತು ಕೊಟ್ಟು ನಿಲ್ಲಿಸುವುದು ಬೇರೆ. ನಾವು ಮಾಡಿದ್ದು ಎರಡನೆಯದನ್ನು.

ನಮ್ಮ ಪಂದ್ಯಾವಳಿಯ ಮೊದಲ ವರ್ಷ ಎಲ್ಲವೂ ಸರಿಯಾಗಿತ್ತು. ದಸರಾ ಮುಗಿದು ಮಳೆ ಹಿಂದೆಗೆದ ಮೇಲೆ ದಿನಾಂಕ ಗೊತ್ತು ಮಾಡಿದ್ದೆವು. ಪತ್ರಿಕೆಗಳಿಗೆ ಹದಿನೈದು ದಿನ ಮೊದಲೇ ಪ್ರಕಟಣೆ ಕೊಟ್ಟಿದ್ದೆವು. ಮಣ್ಣಿನ ಅಂಕಣದ ಸುತ್ತ ಜನ ಮೂರು ನಾಲ್ಕು ಸಾಲು ನಿಂತಿದ್ದರು. ಹಿಂದೆ ನಿಂತವರು ಸೈಕಲ್ ಕ್ಯಾರಿಯರ್ ಮೇಲೆ ಹತ್ತಿ ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಆರು ಸಾಲು ಫಲಿತಾಂಶ ಬಂತು. ಪಾಂಡವಪುರದ ಕಡೆಯ ಹುಡುಗನೊಬ್ಬ ಒಂದೇ ರೈಡ್‌ನಲ್ಲಿ ಮೂವರನ್ನು ಔಟ್ ಮಾಡಿದ್ದ. ಅವನ ಹೆಸರೂ ಊರೂ ಅದರಲ್ಲಿದ್ದವು. ಎಷ್ಟೋ ದಿನದ ಮೇಲೆ ಮದುವೆಯ ಕರೆಯೋಲೆ ಕೊಡಲು ಆ ಕಡೆ ಹೋಗಿದ್ದಾಗ ಅವರ ಮನೆಗೂ ಹೋದೆ. ನಡುಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲಿನ ಕೊನೆಗೆ, ಅಂಗೈಯಗಲದ ಆ ಪತ್ರಿಕೆಯ ತುಂಡಿಗೆ ಕಟ್ಟು ಹಾಕಿಸಿ ನೇತುಹಾಕಿದ್ದರು. ಕಾಗದ ಹಳದಿಯಾಗಿತ್ತು. ಅವನ ಹೆಸರಿನ ಕೆಳಗೆ ಯಾರೋ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದರು. ನಾವು ಕೊಟ್ಟ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದಾಗ, ಅದು ಟ್ರಂಕಿನಲ್ಲಿದೆ ಎಂದರು ಆ ತಾಯಿ.

ಎರಡನೆಯ ವರ್ಷ ಆರಂಭಶೂರತನ ಮುಗಿದಿತ್ತು. ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ನೋಡದೆ ದಿನ ಇಟ್ಟೆವು, ಮೂರು ಸಲ ಮುಂದೂಡಿದೆವು. ಪ್ರಾಯೋಜಕರೊಬ್ಬರು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದ ಹಣವನ್ನು ನಂಬಿ ಎಲ್ಲ ತಂಡಗಳಿಗೂ ಟಿಎ–ಡಿಎ ಕೊಡುತ್ತೇವೆಂದು ಪತ್ರ ಬರೆದೆವು. ಪತ್ರಿಕಾ ಪ್ರಕಟಣೆಯನ್ನು ಕೊಟ್ಟದ್ದು ಹಿಂದಿನ ದಿನ ಸಂಜೆ ಆರೂವರೆಗೆ. ಅಷ್ಟು ಹೊತ್ತಿಗೆ ನಗರ ಪುಟ ಮುಗಿದಿರುತ್ತದೆ ಎಂಬುದು ನಮಗೆ ಹೊಳೆಯಲಿಲ್ಲ. ಒಂದು ಪತ್ರಿಕೆಯಲ್ಲೂ ಬರಲಿಲ್ಲ. ಅಂದು ಸಂಜೆ ಫ್ಲಡ್‌ಲೈಟ್ ಉರಿಯುತ್ತಿತ್ತು, ಧ್ವನಿವರ್ಧಕದಲ್ಲಿ ಗಣ್ಯರ ಹೆಸರು ಕೂಗುತ್ತಿದ್ದರು, ಅಂಕಣದ ಸುತ್ತ ನಿಂತವರಲ್ಲಿ ಬಹುಪಾಲು ಮುಂದಿನ ಪಂದ್ಯಕ್ಕೆ ಕಾಯುತ್ತಿದ್ದ ಆಟಗಾರರೇ. ಮಂಡ್ಯ ಜಿಲ್ಲೆಯ ಒಂದು ಕಾಲೇಜಿನ ಹುಡುಗರು ಮಧ್ಯಾಹ್ನದ ಪುಷ್‌ಪುಲ್ ರೈಲಿನಲ್ಲಿ ಬಂದಿದ್ದರು. ಸೆಮಿಫೈನಲ್ ಸೋತು, ರಾತ್ರಿ ಹತ್ತೂವರೆಯವರೆಗೆ ಸಹಿ ಪುಸ್ತಕದ ಮುಂದೆ ಸಾಲಾಗಿ ನಿಂತಿದ್ದರು. ಹಣ ಬರಲಿಲ್ಲ. ಅವರು ಅಂದು ಕಾಲೇಜಿನ ಜಗಲಿಯಲ್ಲಿ ಜಮಖಾನ ಹಾಸಿಕೊಂಡು ಮಲಗಿದರು. ಮೊಣಕಾಲು ತರಚಿದ್ದ ಹುಡುಗನೊಬ್ಬ, ‘ಸಾರ್, ನಾಳೆ ಪೇಪರ್‌ನಲ್ಲಾದರೂ ಬರುತ್ತಾ?’ ಎಂದು ಕೇಳಿದ. ಬರುತ್ತದೆ ಎಂದು ಹೇಳಿದೆ. ಬರಲಿಲ್ಲ. ಬೆಳಿಗ್ಗೆ ನಾವು ನಾಲ್ಕು ಜನ ಅಧ್ಯಾಪಕರು ದುಡ್ಡು ಕೂಡಿಸಿ ಅವರನ್ನು ಕಳುಹಿಸಿಕೊಟ್ಟೆವು. ಆದರೆ ಮರುವರ್ಷ ಯಾವ ಕಾಲೇಜಿಗೆ ಪತ್ರ ಬರೆಯಲೂ ನಮಗೆ ಮುಖವಿರಲಿಲ್ಲ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಹೊಸ ಸಂಘಟಕರಿಗೆ ನನ್ನ ವಿನಂತಿ ಇದು. ನೆಬ್ರಾಸ್ಕಾದವರು ಚೆಕ್ ನಗದಾಗುವವರೆಗೆ ಊರು ಬಿಡದಿದ್ದುದನ್ನು ದುರಾಸೆಯೆಂದು ತಿಳಿಯಬೇಡಿ. ಹುಡುಗರನ್ನು ಕರೆದೊಯ್ಯುವ ಹೊಣೆ ಹೊತ್ತವರು ನಡೆದುಕೊಳ್ಳಬೇಕಾದ ರೀತಿಯೇ ಅದು. ಬರುವ ತಂಡಗಳ ಪ್ರಯಾಣದ ಹಣ ಬ್ಯಾಂಕಿನಲ್ಲಿ ಬಿದ್ದ ಮೇಲೆಯೇ ಆಹ್ವಾನ ಪತ್ರ ಅಚ್ಚು ಹಾಕಿಸಿ. ಪಂದ್ಯ ಮುಗಿಯುವವರೆಗೆ ಕಾಯಿಸದೆ, ತಂಡ ಬಂದು ಹೆಸರು ಬರೆಸುವಾಗಲೇ ಟಿಎ ಕೊಟ್ಟುಬಿಡಿ. ಹೆಸರಾಂತ ತಂಡಗಳನ್ನು ದೂರದಿಂದ ಕರೆಸುವ ಹಂಬಲ ಸದ್ಯಕ್ಕೆ ಬೇಡ. ದಸರಾ ಕುಸ್ತಿಗೆ ಜನ ಸೇರುವುದು ಪೈಲ್ವಾನರ ಹೆಸರಿಗೆ ಮಾತ್ರವಲ್ಲ, ಇವನು ನಮ್ಮ ಗರಡಿಯವನು, ನಮ್ಮ ಮೊಹಲ್ಲಾದವನು ಎಂದು ಹೇಳಿಕೊಳ್ಳುವವರು ಅಖಾಡದ ಸುತ್ತ ಇರುವುದರಿಂದ. ಮಳವಳ್ಳಿ, ನಂಜನಗೂಡು, ಕೆ.ಆರ್.ಪೇಟೆ, ಹುಣಸೂರಿನ ಕಾಲೇಜುಗಳು ಆಡಿದರೆ ಆಯಾ ಊರಿನವರು ಬಸ್ಸು ಹತ್ತಿ ಬರುತ್ತಾರೆ.

ಇನ್ನು ತಮ್ಮಲ್ಲಿ ಒಂದು ಕೋರಿಕೆ. ಜಾಗದ ಕೊರತೆ, ಜಾಹೀರಾತಿನ ಒತ್ತಡ ಎರಡೂ ನನಗೆ ತಿಳಿಯದ್ದಲ್ಲ. ನ್ಯೂಯಾರ್ಕಿನ ಪತ್ರಿಕೆಗಳು ಪಂದ್ಯದ ದಿನ ಬರಲಿಲ್ಲ, ಅದಕ್ಕೊಂದು ಕಾರಣವಿತ್ತು. ನಮ್ಮ ಪತ್ರಿಕೆಗಳು ಪ್ರತಿದಿನ ಬರುತ್ತಿವೆ. ಆದರೆ ಅಂತರ ಕಾಲೇಜು ಪಂದ್ಯಗಳ ಫಲಿತಾಂಶ ಅವುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ ಎಂಬುದನ್ನು ನೋವಿನಿಂದ ಹೇಳುತ್ತಿದ್ದೇನೆ. ಉದ್ಘಾಟನೆ ಮಾಡಿದ ಅತಿಥಿಗಳ ಚಿತ್ರ ಬರುತ್ತದೆ, ಗೆದ್ದ ತಂಡದ ನಾಯಕನ ಹೆಸರು ಬರುವುದಿಲ್ಲ. ನಗರ ಪುಟದಲ್ಲಿ ದಿನಕ್ಕೆ ಹತ್ತು ಸಾಲು ಸಾಕು: ಇಂದು ಯಾವ ಮೈದಾನದಲ್ಲಿ ಯಾರ ಪಂದ್ಯ, ನಿನ್ನೆ ಗೆದ್ದವರು ಯಾರು, ಅಂಕವೆಷ್ಟು, ಚೆನ್ನಾಗಿ ಆಡಿದವರ ಹೆಸರು ಮತ್ತು ಊರು. ಹೆಸರುಗಳನ್ನು ತಪ್ಪಿಲ್ಲದೆ ಅಚ್ಚು ಮಾಡುವಂತೆ ದಯವಿಟ್ಟು ನೋಡಿಕೊಳ್ಳಿ.

ಪಂದ್ಯಾವಳಿ ನಿಜವಾಗಿ ಆರಂಭವಾದರೆ ಪ್ರತಿ ಸಂಜೆಯ ಫಲಿತಾಂಶವನ್ನು ಹೆಸರು, ಊರು, ಅಂಕಗಳ ಸಮೇತ ಮೈದಾನದಿಂದಲೇ ತಮ್ಮ ಕಚೇರಿಗೆ ಹೊತ್ತಿಗೆ ಸರಿಯಾಗಿ ತಲುಪಿಸಲು ನಾನು ಸಿದ್ಧನಿದ್ದೇನೆ. ಎರಡು ವರ್ಷದ ಸ್ಕೋರ್ ಶೀಟುಗಳು ನನ್ನಲ್ಲಿವೆ. ಪರ್ಯಾಯ ಪಾರಿತೋಷಕ ನಮ್ಮ ಹಳೆಯ ಕಾಲೇಜಿನ ಬೀರುವಿನಲ್ಲಿದೆ. ಅದರ ಮರದ ಪೀಠದ ಸುತ್ತ ಗೆದ್ದ ತಂಡದ ಹೆಸರು ಕೆತ್ತಲು ಹನ್ನೆರಡು ಬೆಳ್ಳಿ ತಗಡುಗಳನ್ನು ಹೊಡೆಸಿದ್ದೆವು, ಎರಡರಲ್ಲಿ ಮಾತ್ರ ಹೆಸರಿದೆ. ಸಂಘಟಕರು ತಮ್ಮ ಕಚೇರಿಯಿಂದ ನನ್ನ ವಿಳಾಸ ಪಡೆದು ಬಂದರೆ ಎಲ್ಲವನ್ನೂ ಒಪ್ಪಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ,
ಸರಸ್ವತಿಪುರಂ, ಮೈಸೂರು